ಕಾಲಳೆದು ಹಾಸಿಗೆ ಕೊಳ್ಳಿ: ಗೇಮಿಂಗ್ ಕಂಪ್ಯೂಟರಿಗೆ ಎಷ್ಟು ಮೆಮೊರಿ ಸಾಕು?



ಪರದೇಶದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವುದೆಂದರೆ ಊರಿನಲ್ಲಿ ನಾಟಿ ವೈದ್ಯನಾಗಿರುವ ಹಾಗೆ. ಯುಗಾದಿ ಇರಲಿ, ಗಣೇಶನ ಹಬ್ಬ ಇರಲಿ, ರಾಜ್ಯೋತ್ಸವದ ಊಟದ ಪಂಕ್ತಿಯೇ ಇರಲಿ, ಪಕ್ಕದಲ್ಲಿ ಕೂತವರು ಮೆಲ್ಲಗೆ ಬಾಗಿ ತಮ್ಮ ಮನೆಯ ಕಂಪ್ಯೂಟರಿನ ಕಾಯಿಲೆ ಹೇಳಿಕೊಳ್ಳುತ್ತಾರೆ. ನನ್ನ ಉದ್ಯೋಗ ಬ್ಯಾಂಕಿನ ಲೆಕ್ಕಾಚಾರಕ್ಕೆ ಪ್ರೋಗ್ರಾಂ ಬರೆಯುವುದು, ಪ್ರಿಂಟರ್ ರಿಪೇರಿ ಅಲ್ಲ ಅಂದರೆ ಯಾರೂ ನಂಬುವುದಿಲ್ಲ. ಇರಲಿ ಬಿಡಿ, ಅದರಲ್ಲೂ ಒಂದು ಸಂತೋಷ ಇದೆ.

ಇತ್ತೀಚೆಗೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಒಂದೇ. "ಮಗ ಗೇಮಿಂಗ್ ಕಂಪ್ಯೂಟರ್ ಬೇಕು ಅಂತ ಹಟ ಹಿಡಿದಿದ್ದಾನೆ. ಮೆಮೊರಿ ಎಷ್ಟು ಹಾಕಿಸೋದು?" ಕುವೈತಿನಲ್ಲಿ ಈ ಹಟಕ್ಕೆ ಕಾರಣವೂ ಇದೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿದ್ದನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿಕೊಂಡಿದೆ. ಬೇಸಿಗೆಯಲ್ಲಿ ಮಕ್ಕಳನ್ನು "ಹೊರಗೆ ಹೋಗಿ ಆಡ್ಕೊಳ್ಳಿ" ಅನ್ನುವ ಹಾಗಿಲ್ಲ. ಊರಲ್ಲಿ ನಾವು ಗದ್ದೆ ಬಯಲಿನಲ್ಲಿ ಆಡಿದ ಕ್ರಿಕೆಟ್ಟನ್ನು ಅವರು ಏಸಿ ಕೋಣೆಯಲ್ಲಿ, ಪರದೆಯ ಮೇಲೆ, ಸಾಲ್ಮಿಯಾದ ಗೆಳೆಯ ಮತ್ತು ಮಂಗಳೂರಿನ ಕಸಿನ್ ಜೊತೆ ಒಟ್ಟಿಗೇ ಆಡುತ್ತಾರೆ. ಹಾಗಾಗಿ ಈ ಸಲ ಈ ಪ್ರಶ್ನೆಗೇ ಒಂದು ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಈ ಸಂಚಿಕೆ ಕಳಿಸಿದರಾಯಿತು!

ಮೂರು ಮೆಮೊರಿಗಳ ಗೊಂದಲ

ಮೊದಲು ಒಂದು ಗೊಂದಲ ಬಿಡಿಸೋಣ. ಮೊಬೈಲ್ ಕೊಳ್ಳುವಾಗ "256 ಜಿಬಿ ಮೆಮೊರಿ" ಅನ್ನುತ್ತೇವಲ್ಲ, ಅದು ಫೋಟೋ, ವಿಡಿಯೋ ಇಡುವ ಜಾಗ. ಕಂಪ್ಯೂಟರಿನಲ್ಲಿ ಆ ಕೆಲಸ ಎಸ್‌ಎಸ್‌ಡಿಯದ್ದು. ಗ್ರಾಫಿಕ್ಸ್ ಕಾರ್ಡಿನ ಡಬ್ಬದ ಮೇಲೆ 8 ಜಿಬಿ, 16 ಜಿಬಿ ಅಂತ ಬರೆದಿರುವುದು ಆ ಕಾರ್ಡಿಗೆ ಮಾತ್ರ ಸೇರಿದ ಸ್ವಂತ ಮೆಮೊರಿ. ನಾವಿಲ್ಲಿ ಮಾತಾಡುತ್ತಿರುವುದು ಮೂರನೆಯದರ ಬಗ್ಗೆ. ಮದರ್‌ಬೋರ್ಡಿನ ಉದ್ದನೆಯ ಖಾನೆಗಳಲ್ಲಿ ಕೂರುವ, ಕರೆಂಟು ಹೋದರೆ ಎಲ್ಲವನ್ನೂ ಮರೆತುಬಿಡುವ ರ‍್ಯಾಮ್.

ನಮ್ಮೂರ ಮದುವೆ ಮನೆ ನೆನಪು ಮಾಡಿಕೊಳ್ಳಿ. ಉಗ್ರಾಣದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಎಲ್ಲ ಇದೆ. ಅದು ಎಸ್‌ಎಸ್‌ಡಿ. ಅಡುಗೆ ಭಟ್ಟರು ಕೈಗೆ ಸಿಗುವ ಹಾಗೆ ಹರಡಿಕೊಂಡ ಕಟ್ಟೆ ರ‍್ಯಾಮ್. ಭಟ್ಟರೇ ಪ್ರೊಸೆಸರ್. ಕಟ್ಟೆ ಸಾಕಷ್ಟು ಅಗಲವಿದ್ದರೆ ಅಡುಗೆ ಸರಾಗ. ಕಟ್ಟೆ ತುಂಬಿಹೋದರೆ ಬೆಲ್ಲ ತೆಗೆದು ಉಗ್ರಾಣಕ್ಕೆ, ಬೇಳೆ ತಂದು ಕಟ್ಟೆಗೆ, ಮತ್ತೆ ಬೆಲ್ಲ ಬೇಕೆಂದರೆ ಉಗ್ರಾಣಕ್ಕೆ ಓಟ. ಸೌಟು ಕೈಯಲ್ಲಿ ಹಿಡಿದು ಭಟ್ಟರು ಸುಮ್ಮನೆ ನಿಂತಿರುತ್ತಾರೆ. ಆಟದ ಮಧ್ಯೆ ಚಿತ್ರ ಗಕ್ಕನೆ ನಿಂತು ಮತ್ತೆ ಓಡುವುದು ಇದೇ ಕಾರಣಕ್ಕೆ. ರ‍್ಯಾಮಿನಿಂದ ಮಾಹಿತಿ ಬರಲು ಹಿಡಿಯುವುದು ಸುಮಾರು ನೂರು ನ್ಯಾನೋಸೆಕೆಂಡು. ಒಳ್ಳೆಯ ಎಸ್‌ಎಸ್‌ಡಿಯಿಂದ ಬರಲು ಅದರ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೊತ್ತು ಬೇಕು.

ಇಲ್ಲೇ ಇನ್ನೊಂದು ಮಾತು ಗಮನಿಸಿ. ಕಟ್ಟೆ ಸಣ್ಣದಾದರೆ ಅಡುಗೆ ಕೆಡುತ್ತದೆ. ಆದರೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡ ಕಟ್ಟೆ ಕಟ್ಟಿಸಿದರೆ ಸಾಂಬಾರಿನ ರುಚಿ ನಾಲ್ಕು ಪಟ್ಟು ಹೆಚ್ಚುವುದಿಲ್ಲ. ಕಡಿಮೆಯಾದರೆ ತುಂಬ ತೊಂದರೆ, ಸಾಕಷ್ಟಾದ ಮೇಲೆ ಹೆಚ್ಚಿನ ಲಾಭವಿಲ್ಲ. ಮೆಮೊರಿಯ ಸ್ವಭಾವವೇ ಹೀಗೆ.

ಕುವೈತಿನದೇ ಒಂದು ಹಳೆಯ ಕಥೆ

ಗೇಮಿಂಗ್ ಕಂಪ್ಯೂಟರ್ ಈಚಿನ ಹುಚ್ಚು ಅಂದುಕೊಂಡಿರುವವರಿಗೆ ಒಂದು ವಿಷಯ. ನಾವಿರುವ ಈ ಕುವೈತಿನಲ್ಲೇ 1982ರಲ್ಲಿ ಮೊಹಮ್ಮದ್ ಅಲ್-ಶಾರೆಖ್ ಎಂಬ ಉದ್ಯಮಿ 'ಸಖ್ರ್' ಎಂಬ ಕಂಪನಿ ಹುಟ್ಟುಹಾಕಿದರು. ಕಂಪ್ಯೂಟರಿಗೆ ಅರಬ್ಬಿ ಭಾಷೆ ಕಲಿಸಬೇಕು ಎಂಬುದು ಅವರ ಹಂಬಲ. ಸಖ್ರ್ ಹೆಸರಿನಲ್ಲಿ ಬಂದ ಎಂಎಸ್ಎಕ್ಸ್ ಗಣಕಯಂತ್ರಗಳ ಮೇಲೆ ಎಂಬತ್ತರ ದಶಕದ ಅರಬ್ ಮಕ್ಕಳು ಅಕ್ಷರವನ್ನೂ ಕಲಿತರು, ಕೊನಾಮಿ ಕಂಪನಿಯ ಆಟಗಳನ್ನೂ ಆಡಿದರು. 1990ರ ಇರಾಕ್ ಆಕ್ರಮಣದ ನಂತರ ಕಂಪನಿ ಕೈರೋಗೆ ಹೋಯಿತು. ಶಾರೆಖ್ ಅವರಿಗೆ 2021ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಬಂತು; 2024ರಲ್ಲಿ ತೀರಿಕೊಂಡರು. ನಾವು ಕನ್ನಡದವರು, ಗಣಕದಲ್ಲಿ ಕನ್ನಡ ಮೂಡಲಿ ಅಂತ ವರ್ಷಗಟ್ಟಲೆ ಕಾದವರು. ಹಾಗಾಗಿ ಅವರ ಹಂಬಲ ನಮಗೆ ಬೇಗ ಅರ್ಥವಾಗುತ್ತದೆ.

ಈ ಯಂತ್ರಗಳಲ್ಲಿ ಮೆಮೊರಿ ಎಷ್ಟಿತ್ತು ಗೊತ್ತೇ? 1983ರಲ್ಲಿ ಘೋಷಣೆಯಾದ ಎಂಎಸ್ಎಕ್ಸ್ ನಿಯಮದ ಪ್ರಕಾರ ಕನಿಷ್ಠ 8 ಕಿಲೋಬೈಟ್. ಜಿಬಿ ಅಲ್ಲ, ಎಂಬಿಯೂ ಅಲ್ಲ, ಕಿಲೋಬೈಟ್! ಅದರೊಳಗಿದ್ದ ಝೆಡ್80 ಪ್ರೊಸೆಸರಿಗೆ ಒಂದು ಸಲಕ್ಕೆ 64 ಕಿಲೋಬೈಟಿಗಿಂತ ಹೆಚ್ಚು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಆಟ ಕಾರ್ಟ್ರಿಜ್ಜಿನಲ್ಲಿ ಬರುತ್ತಿತ್ತು, ಅಲ್ಲಿಂದಲೇ ನೇರವಾಗಿ ಓಡುತ್ತಿತ್ತು. ಹಾಗಾಗಿ ಅಷ್ಟೇ ಸಾಕಾಗುತ್ತಿತ್ತು. 1993ರಲ್ಲಿ ಬಂದ ಡೂಮ್ ಆಟಕ್ಕೆ 4 ಎಂಬಿ ಬೇಕಾಯಿತು. ನಾವು ಇಂಜಿನಿಯರಿಂಗ್ ಓದುವ ಕಾಲದ 32 ಬಿಟ್ ವಿಂಡೋಸ್ ಎಕ್ಸ್‌ಪಿಗೆ 4 ಜಿಬಿ ಹಾಕಿದರೂ ಮೂರೂಚಿಲ್ಲರೆ ಮಾತ್ರ ತೋರಿಸುತ್ತಿತ್ತು. ಹಾಸ್ಟೆಲಿನಲ್ಲಿ "ಉಳಿದ ಮುಕ್ಕಾಲು ಜಿಬಿ ಯಾರು ತಿಂದರು?" ಅಂತ ತಲೆ ಕೆಡಿಸಿಕೊಂಡವರು ನಿಮ್ಮಲ್ಲೂ ಇರಬಹುದು.

ಅಂದರೆ ಆಗ ಮಿತಿ ಹಾಕುತ್ತಿದ್ದದ್ದು ಯಂತ್ರ. ಈಗಿನ ಯಂತ್ರಗಳು ನಮ್ಮ ಮನೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಮೆಮೊರಿ ಒಪ್ಪಿಕೊಳ್ಳುತ್ತವೆ. ಈಗ ಮಿತಿ ಹಾಕುವುದು ನಮ್ಮ ಜೇಬು. ಆದ್ದರಿಂದಲೇ 'ಸಾಕು' ಅನ್ನುವುದನ್ನು ನಾವೇ ಕಂಡುಕೊಳ್ಳಬೇಕು.

16 ಎಂಬ ಅಂಕೆ ಎಲ್ಲಿಂದ ಬಂತು?

ದೊಡ್ಡ ಆಟಗಳನ್ನು ತಯಾರಿಸುವವರು ಕಂಪ್ಯೂಟರಿಗೊಂದು, ಪ್ಲೇಸ್ಟೇಷನ್ನಿಗೊಂದು ಅಂತ ಬೇರೆ ಬೇರೆ ಆಟ ಬರೆಯುವುದಿಲ್ಲ. 2013ರ ಪ್ಲೇಸ್ಟೇಷನ್ 4ರಲ್ಲಿ 8 ಜಿಬಿ ಇತ್ತು. 2020ರ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ 16 ಜಿಬಿ. ಅದನ್ನೇ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳುತ್ತವೆ. ಆಟಗಾರರ ದೊಡ್ಡ ಗುಂಪು ಯಾವ ಯಂತ್ರದಲ್ಲಿದೆಯೋ ಅದಕ್ಕೆ ಹೊಂದುವ ಹಾಗೆ ಆಟ ತಯಾರಾಗುತ್ತದೆ. ಕಂಪ್ಯೂಟರಿನಲ್ಲಿ ಇದರ ಮೇಲೆ ವಿಂಡೋಸ್ ಖರ್ಚು, ಗೆಳೆಯರ ಜೊತೆ ಮಾತಾಡುವ ಡಿಸ್ಕಾರ್ಡ್ ಖರ್ಚು, ಹಿಂದೆ ತೆರೆದಿಟ್ಟ ಇಪ್ಪತ್ತು ಕ್ರೋಮ್ ಕಿಟಕಿಗಳ ಖರ್ಚು ಸೇರುತ್ತದೆ.

ತಯಾರಕರೇ ಪ್ರಕಟಿಸಿದ ಬೇಡಿಕೆ ನೋಡಿ. ವ್ಯಾಲೊರಂಟ್ ಆಟ 4 ಜಿಬಿಯಲ್ಲೂ ನಡೆಯುತ್ತದೆ. ಜಿಟಿಎ 5 ಕಂಪ್ಯೂಟರಿಗೆ ಬಂದಾಗ (2015) ಶಿಫಾರಸು 8 ಜಿಬಿ. ಫೋರ್ಟ್‌ನೈಟ್‌ಗೆ ಶಿಫಾರಸು 16. ಸೈಬರ್‌ಪಂಕ್ 2077ಕ್ಕೆ 2023ರ ಪರಿಷ್ಕರಣೆಯ ನಂತರ ಕನಿಷ್ಠ 12, ಶಿಫಾರಸು 16. ಹಾಗ್ವಾರ್ಟ್ಸ್ ಲೆಗಸಿಗೆ ಕನಿಷ್ಠವೇ 16. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಕನಿಷ್ಠ 16, ಶಿಫಾರಸು 32, 'ಆದರ್ಶ' ಅಂತ ಬರೆದದ್ದು 64. ಹೀಗಾಗಿ "ಎಷ್ಟು ಮೆಮೊರಿ?" ಅನ್ನುವ ಪ್ರಶ್ನೆಗೆ ನನ್ನ ಮೊದಲ ಮರುಪ್ರಶ್ನೆ, "ಯಾವ ಆಟಕ್ಕೆ?"

ಚಿನ್ನದ ಹಾಗೆ ಏರಿದ ಬೆಲೆ

2025ರ ಮಧ್ಯದವರೆಗೆ ಈ ಲೇಖನದ ಅಗತ್ಯವೇ ಇರಲಿಲ್ಲ. "32 ಹಾಕಿಸಿ, ಮರೆತುಬಿಡಿ" ಅಂದರೆ ಮುಗಿಯುತ್ತಿತ್ತು. ಅಮೆರಿಕದ ಮಾರುಕಟ್ಟೆಯಲ್ಲಿ ಆಗ 32 ಜಿಬಿಯ ಡಿಡಿಆರ್5 ಜೋಡಿಗೆ ನೂರು ಡಾಲರಿನ ಆಸುಪಾಸು. ವರ್ಷ ಮುಗಿಯುವ ಹೊತ್ತಿಗೆ ಅದೇ ಜೋಡಿ ಮುನ್ನೂರು ಡಾಲರ್ ದಾಟಿತು.

ಕಾರಣ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವುದು ಮೂರೇ ಕಂಪನಿಗಳು: ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಚಿಪ್ಪುಗಳಿಗೆ ಬೇಕಾಗುವ ದುಬಾರಿ ಮೆಮೊರಿಯನ್ನೂ ತಯಾರಿಸುವವರು ಇವರೇ. ಲಾಭ ಎಲ್ಲಿ ಹೆಚ್ಚೋ ಕಾರ್ಖಾನೆ ಅತ್ತ ವಾಲುತ್ತದೆ. 2025ರ ಅಕ್ಟೋಬರಿನಲ್ಲಿ ಓಪನ್‌ಎಐ ಕಂಪನಿ ಎರಡೂ ಕೊರಿಯಾ ಕಂಪನಿಗಳ ಜೊತೆ ಭಾರೀ ಪ್ರಮಾಣದ ಮೆಮೊರಿಗಾಗಿ ಒಪ್ಪಂದ ಪ್ರಕಟಿಸಿತು. ಡಿಸೆಂಬರ್ 3ರಂದು ಮೈಕ್ರಾನ್, ನಮ್ಮಂಥ ಸಾಮಾನ್ಯ ಗ್ರಾಹಕರು ಕೊಳ್ಳುತ್ತಿದ್ದ 'ಕ್ರೂಶಿಯಲ್' ಬ್ರ್ಯಾಂಡಿನ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿತು.

ಇದು ಹೊಸದೂ ಅಲ್ಲ. 1993ರ ಜುಲೈನಲ್ಲಿ ಜಪಾನಿನ ನಿಹಾಮಾದಲ್ಲಿ ಚಿಪ್ಪಿನ ಹೊದಿಕೆಗೆ ಬೇಕಾಗುವ ರಾಳ ತಯಾರಿಸುತ್ತಿದ್ದ ಸುಮಿಟೊಮೊ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗಲೂ, 1999ರ ಸೆಪ್ಟೆಂಬರಿನಲ್ಲಿ ತೈವಾನಿನಲ್ಲಿ ಭೂಕಂಪವಾದಾಗಲೂ ಮೆಮೊರಿ ಬೆಲೆ ಜಿಗಿದಿತ್ತು, ಆಮೇಲೆ ಇಳಿದಿತ್ತು. ಈರುಳ್ಳಿ ಬೆಲೆ ಕಂಡ ನಮಗೆ ಇದೇನೂ ವಿಚಿತ್ರವಲ್ಲ. ಏರಿದ್ದು ಯಾವಾಗ ಇಳಿಯುತ್ತದೆಂದು ಜ್ಯೋತಿಷ್ಯ ಹೇಳಲು ನಾನು ಹೋಗುವುದಿಲ್ಲ.

ಒಂದು ಮನೆಯ ಲೆಕ್ಕ

ಈ ಬೆಲೆ ಏರಿದ ಹೊತ್ತಿನಲ್ಲೇ, 2025ರ ಡಿಸೆಂಬರಿನಲ್ಲಿ, ಫಹಾಹೀಲಿನ ಮಿತ್ರರೊಬ್ಬರು ಫೋನ್ ಮಾಡಿದರು. ಕುಂದಾಪುರದ ಕಡೆಯವರು, ನನಗಿಂತ ಹಿರಿಯರು, ಅಣ್ಣ ಅಂತಲೇ ಕರೆಯುವುದು. ಮಗ ಒಂಬತ್ತನೇ ತರಗತಿ. ಊರಲ್ಲಿ ಮನೆಯ ಸಾಲ ನಡೆಯುತ್ತಿದೆ, ತಿಂಗಳು ತಿಂಗಳು ಅಪ್ಪ ಅಮ್ಮನ ಔಷಧಿಗೆ ಹಣ ಹೋಗಬೇಕು. ಕಂಪ್ಯೂಟರಿನ ಪೆಟ್ಟಿಗೆಗೆ ಅಂತ ವರ್ಷವಿಡೀ ಕೂಡಿಟ್ಟದ್ದು 300 ದಿನಾರ್. ಮಗ ಬರೆದುಕೊಟ್ಟ ಪಟ್ಟಿಯಲ್ಲಿ ಮೆಮೊರಿ 64 ಜಿಬಿ, ಅದೂ ಬಣ್ಣ ಬಣ್ಣದ ದೀಪ ಉರಿಯುವಂಥದ್ದು.

"ಎಂತ ಮಾರಾಯ್ರೆ, ಒಂದು ಗೇಣುದ್ದದ ಎರಡು ಹಲಗೆಗೇ ಅರ್ಧಕ್ಕಿಂತ ಹೆಚ್ಚು ದುಡ್ಡು ಹೇಳ್ತಾರಲ್ಲ! ಇದು ನಿಜಕ್ಕೂ ಬೇಕಾ?"

ಅತ್ತಿಗೆಯ ವಾದವೇ ಬೇರೆ. "ಓದೂದಕ್ಕೆ ಅಂದ್ರೆ ಬಳೆ ಮಾರಿಯಾದ್ರೂ ಕೊಡ್ತೆ. ಆಟಕ್ಕೆ ಅಂದ್ರೆ ಒಂದು ಫಿಲ್ಸೂ ಇಲ್ಲ."

ಒಂದು ಶುಕ್ರವಾರ ಅವರ ಮನೆಗೆ ಹೋದೆ. ಹುಡುಗನ ಹತ್ತಿರ 8 ಜಿಬಿಯ ಹಳೆಯ ಲ್ಯಾಪ್‌ಟಾಪ್ ಇತ್ತು. ಅವನಿಗೆ ಹೇಳಿದ್ದು ಇಷ್ಟೇ. "ಒಂದು ವಾರ ನೀನು ಆಡುವ ಆಟಗಳನ್ನೆಲ್ಲ ಆಡು. ಪ್ರತಿ ಸಲ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆ, ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ನೋಡು. ಅಲ್ಲಿ 'ಕಮಿಟೆಡ್' ಅಂತ ಒಂದು ಅಂಕೆ ಇರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರಿ. ಅಪ್ಪ ಅಮ್ಮನ ಹತ್ತಿರ ಹಟ ಮಾಡುವುದಕ್ಕಿಂತ ಲೆಕ್ಕ ತೋರಿಸುವುದು ಗಟ್ಟಿ."

ಯಾಕೆ ಆ ಅಂಕೆ ಅಂದರೆ, 'ಇಷ್ಟು ಬಳಕೆಯಲ್ಲಿದೆ' ಎಂಬ ಶೇಕಡಾವಾರು ಒಂದನ್ನೇ ನೋಡಿದರೆ ಸಾಲದು. ಕಟ್ಟೆ ತುಂಬುತ್ತ ಬಂದಾಗ ವಿಂಡೋಸ್ ಕೆಲವನ್ನು ಸದ್ದಿಲ್ಲದೆ ಎಸ್‌ಎಸ್‌ಡಿಗೆ ಸಾಗಿಸಿ ಶೇಕಡಾವನ್ನು ತಗ್ಗಿಸಿಟ್ಟಿರುತ್ತದೆ. ಮೆಮೊರಿ ಧಾರಾಳ ಇರುವ ಯಂತ್ರದಲ್ಲಿ ಬಳಕೆ ಕೈಬಿಚ್ಚಿ ಏರುವುದೂ ಉಂಟು. ಕಮಿಟೆಡ್ ಎಂಬುದು ಪ್ರೋಗ್ರಾಂಗಳಿಗೆಲ್ಲ ಸೇರಿ ವಿಂಡೋಸ್ ಕೊಟ್ಟಿರುವ ಮಾತಿನ ಮೊತ್ತ. ಎಲ್ಲ ಪ್ರೋಗ್ರಾಂಗಳೂ ತಾವು ಕೇಳಿದ್ದನ್ನು ಪೂರ್ತಿ ಬಳಸುವುದಿಲ್ಲ, ಹಾಗಾಗಿ ಇದು ನಿಜವಾದ ಅಗತ್ಯಕ್ಕಿಂತ ಕೊಂಚ ಮೇಲೇ ಇರುತ್ತದೆ. ಅದು ಹಾಕಿದ ಮೆಮೊರಿಗಿಂತ ಬಹಳ ಮೇಲೆ ಹೋಗಿ, ಜೊತೆಗೆ ಆಟವೂ ಗಕ್ಕನೆ ನಿಲ್ಲುತ್ತಿದ್ದರೆ ಮೆಮೊರಿ ಸಾಲುತ್ತಿಲ್ಲ ಎಂದರ್ಥ.

ಹುಡುಗ ಲೆಕ್ಕದಲ್ಲಿ ಗಟ್ಟಿಗ. ಮುಂದಿನ ವಾರ ಪಟ್ಟಿ ರೆಡಿ. ವ್ಯಾಲೊರಂಟ್ ಒಂದನ್ನೇ ಆಡಿದರೆ ಆರೂವರೆ ಜಿಬಿ, ಡಿಸ್ಕಾರ್ಡ್ ಮತ್ತು ಕ್ರೋಮ್ ಸೇರಿದರೆ ಒಂಬತ್ತು. ನೂರಾರು ಮಾಡ್ ಹಾಕಿದ ಮೈನ್‌ಕ್ರಾಫ್ಟ್ ಹನ್ನೊಂದು. ಅಮ್ಮನಿಗೆ ತೋರಿಸಲೆಂದೇ ಶಾಲೆಯ ಪೈಥಾನ್ ಪಾಠವನ್ನೂ ಸೇರಿಸಿದ್ದ, ಅದಕ್ಕೆ ಐದು! ಅವನ ಯಾವ ಆಟವೂ 16ರ ಗೆರೆ ಮುಟ್ಟಿರಲಿಲ್ಲ. 64ನ್ನು ತಾನೇ ಪೆನ್ನಿನಿಂದ ಹೊಡೆದುಹಾಕಿದ. ನಾನೇನೂ ಹೇಳಬೇಕಾಗಲಿಲ್ಲ.

ಆದರೆ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಖಾಲಿ ಇತ್ತು. ಫ್ಲೈಟ್ ಸಿಮ್ಯುಲೇಟರ್ 2024. ಆ ಲ್ಯಾಪ್‌ಟಾಪಿನಲ್ಲಿ ಅದು ನಡೆಯುವುದಿಲ್ಲ. "ಪೈಲಟ್ ಆಗ್ಬೇಕು ಅಂತಿದೆ ಅಂಕಲ್" ಅಂತ ಮೆಲ್ಲಗೆ ಹೇಳಿದ. ಅಪ್ಪನಿಗೂ ಅದು ಹೊಸ ಸುದ್ದಿ.

ಎಲ್ಲರೂ ನಮ್ಮ ಮನೆಗೆ ಬಂದರು. ನನ್ನ ಕಂಪ್ಯೂಟರಿನಲ್ಲಿ 32 ಜಿಬಿ ಇದೆ. ಹುಡುಗ ಕುವೈತ್ ವಿಮಾನ ನಿಲ್ದಾಣದಿಂದ ಮೇಲೇರಿ ಒಂದು ಸುತ್ತು ಹೊಡೆದ. ಆಮೇಲೆ ಮಂಗಳೂರಿನ ಬಜ್ಪೆಯನ್ನು ಆರಿಸಿಕೊಂಡು ಇಳಿಯಲು ಹೊರಟ. ಗುಡ್ಡದ ತುದಿ ಕಡಿದು ಮಾಡಿದ ಆ ರನ್‌ವೇ, ಸುತ್ತ ಹಸಿರು, ಆಚೆ ಕಡಲು. ಅಣ್ಣ ಮಾತಾಡದೆ ನೋಡುತ್ತ ನಿಂತರು. ವರ್ಷಕ್ಕೊಂದು ಸಲ ಕಿಟಕಿಯಿಂದ ಕಾಣುವ ನೋಟ ಅದು. ಅತ್ತಿಗೆ "ಹಾಂ, ಇದಾದ್ರೆ ಆಟ ಅಲ್ಲ" ಅಂದರು. ಟಾಸ್ಕ್ ಮ್ಯಾನೇಜರಿನಲ್ಲಿ ಕಮಿಟೆಡ್ ಇಪ್ಪತ್ತೊಂದು ಜಿಬಿ ದಾಟಿತ್ತು.

ಈಗ ಲೆಕ್ಕ ನಿಜವಾಗಿ ಕಷ್ಟವಾಯಿತು. ಇಂದಿನ ಆಟಗಳಿಗೆ 16 ಸಾಕು. ಕನಸಿಗೆ 32 ಬೇಕು. ಈಗಲೇ 32 ಹಾಕಿಸಿದರೆ ಬಜೆಟ್ಟಿನ ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತದೆ, ಗ್ರಾಫಿಕ್ಸ್ ಕಾರ್ಡನ್ನು ಕೆಳದರ್ಜೆಗೆ ಇಳಿಸಬೇಕು. ಗ್ರಾಫಿಕ್ಸ್ ಕಾರ್ಡ್ ದುರ್ಬಲವಾದರೆ ಮೆಮೊರಿ ಎಷ್ಟಿದ್ದರೂ ಚಿತ್ರ ಕುಂಟುತ್ತದೆ. ಊಟಕ್ಕೆ ದೊಡ್ಡ ಎಲೆ ಹಾಸಿ ಬಡಿಸಲು ಅನ್ನವೇ ಇಲ್ಲದ ಹಾಗೆ.

ಎರಡು ಎಂಟೋ, ಒಂದು ಹದಿನಾರೋ?

16 ಜಿಬಿಯನ್ನು ಎರಡು ರೀತಿ ಹಾಕಬಹುದು. 8 ಜಿಬಿಯ ಎರಡು ಹಲಗೆ, ಇಲ್ಲವೇ 16ರ ಒಂದು. ಸಾಮಾನ್ಯ ಸಲಹೆ ಎರಡು ಹಲಗೆ. ಎರಡಿದ್ದರೆ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಮಾಹಿತಿ ಬರುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿದವರಿಗಂತೂ ಎರಡು ಹಲಗೆ ಕಡ್ಡಾಯ ಅನ್ನುತ್ತೇನೆ. ಸ್ವಂತ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಂದೇ ಹಲಗೆಯ ನಷ್ಟ ಅಷ್ಟು ದೊಡ್ಡದಲ್ಲ, ಆದರೆ ಇಲ್ಲವೇ ಇಲ್ಲ ಅಂತಲೂ ಅಲ್ಲ.

ಇನ್ನೊಂದು ಪಕ್ಕದ ಲೆಕ್ಕ ಹೀಗೆ. ಈಗ 8ರ ಎರಡು ಹಾಕಿದರೆ ನಾಳೆ 32 ಮಾಡುವಾಗ ಎರಡು ದಾರಿ. ನಾಲ್ಕೂ ಖಾನೆ ತುಂಬಬಹುದು. ಆದರೆ ಡಿಡಿಆರ್5ರಲ್ಲಿ ನಾಲ್ಕು ಹಲಗೆ ಕೂರಿಸಿದರೆ ವೇಗ ಸಾಮಾನ್ಯವಾಗಿ ಇಳಿಸಬೇಕಾಗುತ್ತದೆ, ಅಗ್ಗದ ಮದರ್‌ಬೋರ್ಡಿನಲ್ಲಿ ಇರುವುದೇ ಎರಡು ಖಾನೆ. ಇಲ್ಲವಾದರೆ ಹಳೆಯ ಎರಡನ್ನೂ ತೆಗೆದು ಬಂದಷ್ಟಕ್ಕೆ ಮಾರಬೇಕು. 16ರ ಒಂದು ಹಾಕಿದರೆ ಎರಡನೆಯ ಖಾನೆ ಕಾಯುತ್ತಿರುತ್ತದೆ, ಒಂದು ಪೈಸೆಯೂ ವ್ಯರ್ಥವಾಗುವುದಿಲ್ಲ. ಜೋಡಿಯಾಗಿ ಮಾರಿದ ಹಲಗೆಗಳು ಒಟ್ಟಿಗೆ ಪರೀಕ್ಷೆಯಾಗಿರುತ್ತವೆ, ಬೇರೆ ಬೇರೆ ಕಾಲದಲ್ಲಿ ಕೊಂಡವು ಹೊಂದಿಕೊಳ್ಳದೆ ತಕರಾರು ಮಾಡುವ ಸಾಧ್ಯತೆ ಉಂಟು. ಅದೇ ಕಂಪನಿಯ ಅದೇ ನಂಬರಿನ ಹಲಗೆ ಹುಡುಕುವುದು ಅದಕ್ಕೇ.

ಎರಡೂ ಪಕ್ಷವನ್ನು ಹುಡುಗನ ಮುಂದೆ ಇಟ್ಟೆವು. ಅವನೇ ಹೇಳಿದ. "ಒಂದು ಹದಿನಾರು ಹಾಕುವ. ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದು ಇರಲಿ. ಇನ್ನೊಂದು ಹತ್ತನೇ ಕ್ಲಾಸ್ ಮುಗಿದ ಮೇಲೆ."

ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಗೆ ಹೋದೆವು. ಬೆಂಗಳೂರಿನ ಎಸ್.ಪಿ. ರೋಡ್ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ, ಕಂಪ್ಯೂಟರ್ ಅಂಗಡಿಗಳ ಬೀದಿ. ಹದಿನಾಲ್ಕನೇ ಶತಮಾನದ ದೊಡ್ಡ ಇತಿಹಾಸಕಾರನ ಹೆಸರಿನ ಬೀದಿಯಲ್ಲಿ ನೆನಪಿನ ಹಲಗೆ ಮಾರುವುದು ಚೆನ್ನಾಗಿಯೇ ಇದೆ ಅನ್ನಿಸಿತು. ನಾಲ್ಕು ಅಂಗಡಿ ಸುತ್ತಿ, ದೀಪವಿಲ್ಲದ ಸಾದಾ ಹಲಗೆ ಕೊಂಡೆವು. ಪೆಟ್ಟಿಗೆ 300ರೊಳಗೇ ಮುಗಿಯಿತು. ವಿಮಾನ ಈಗಲೂ ಹಾರುತ್ತದೆ. ದೂರದ ಕಟ್ಟಡಗಳನ್ನು ತುಸು ಕಡಿಮೆ ಮಾಡಿಕೊಂಡು, ಕ್ರೋಮ್ ಮುಚ್ಚಿಕೊಂಡು.

ಕೊಳ್ಳುವ ಮೊದಲು, ಕೊಂಡ ಮೇಲೆ

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿದ್ದರೆ ಕೆಲವು ಮಾತು ನೆನಪಿರಲಿ.

ಆಟ ತಡವರಿಸಿದ ಕೂಡಲೇ ಮೆಮೊರಿಯನ್ನು ಬೈಯಬೇಡಿ. ಚಿತ್ರ ಒಂದೇ ಸಮನೆ ನಿಧಾನವಾಗಿದ್ದರೆ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ದೋಷ. ಓಡುತ್ತ ಓಡುತ್ತ ಗಕ್ಕನೆ ನಿಂತು, ಆ ಹೊತ್ತಿಗೆ ಎಸ್‌ಎಸ್‌ಡಿಯ ಕೆಲಸ ಏರಿದ್ದರೆ ಮೆಮೊರಿ ಸಾಲದೆಂಬ ಗುಮಾನಿ. ಆಟಗಾರ ಮುಂದೆ ಹೋಗಿ ತಟ್ಟನೆ ಹಿಂದೆ ಎಳೆದಂತಾದರೆ ಅದು ಇಂಟರ್ನೆಟ್. ಆಟದ ಸರ್ವರ್ ಯುರೋಪಿನಲ್ಲಿ ಆರಿಸಿಕೊಂಡು ರ‍್ಯಾಮ್ ಹೆಚ್ಚಿಸಿದರೆ ಏನು ಉಪಯೋಗ?

ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಗೆ ಎಷ್ಟು ಮೆಮೊರಿ ಬಳಸಬಹುದೆಂದು ಅದರ ಸೆಟ್ಟಿಂಗಿನಲ್ಲೇ ಹೇಳಬೇಕು. ಹೇಳದಿದ್ದರೆ ನೀವು ಹಾಕಿಸಿದ 32ರಲ್ಲಿ ಹೆಚ್ಚಿನದು ಸುಮ್ಮನೆ ಕೂತಿರುತ್ತದೆ.

ಡಿಡಿಆರ್4 ಹಲಗೆ ಡಿಡಿಆರ್5 ಖಾನೆಯಲ್ಲಿ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಮದರ್‌ಬೋರ್ಡಿನ ಹೆಸರು ಬರೆದುಕೊಂಡೇ ಅಂಗಡಿಗೆ ಹೋಗಿ. ಮನೆಯಲ್ಲಿ ಹಳೆಯ ಡಿಡಿಆರ್4 ಯಂತ್ರ ಇದ್ದು 8 ಜಿಬಿಗೆ ನಿಂತಿದ್ದರೆ, ಹೊಸ ಪೆಟ್ಟಿಗೆಗಿಂತ ಅದಕ್ಕೇ ಇನ್ನೊಂದು 8 ಸೇರಿಸುವುದು ಎಷ್ಟೋ ಸಲ ಸಾಕು.

ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೂ ಎಚ್ಚರ. ಬಹಳಷ್ಟು ತೆಳು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ 'ಮುಂದೆ ನೋಡೋಣ' ಅನ್ನುವುದಿಲ್ಲ, ಕೊಳ್ಳುವ ದಿನವೇ ನಿರ್ಧಾರ. ಬೆಸೆದದ್ದಾದರೆ ಇಂದಿನ ಅಗತ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ಕೊಳ್ಳಿ.

ಮನೆಗೆ ತಂದ ಮೇಲೆ ಬಯಾಸ್ ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಚಾಲೂ ಮಾಡಿಸಿ. ಇಲ್ಲದಿದ್ದರೆ ಡಬ್ಬದ ಮೇಲೆ ಬರೆದ ವೇಗಕ್ಕೆ ನೀವು ದುಡ್ಡು ಕೊಟ್ಟಿರುತ್ತೀರಿ, ಹಲಗೆ ಮಾತ್ರ ಕೆಳಗಿನ ಗೇರಿನಲ್ಲೇ ಓಡುತ್ತಿರುತ್ತದೆ. ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆಯನ್ನು ಮೊದಲ ದಿನವೇ ಒಂದು ರಾತ್ರಿ ಓಡಿಸಿ; ದೋಷ ಇದ್ದರೆ ಬಿಲ್ಲು ಹಸಿಯಾಗಿರುವಾಗಲೇ ಬದಲಾಯಿಸಬಹುದು. ಬಿಲ್ಲು ಜೋಪಾನ, ಎಷ್ಟೋ ಕಂಪನಿಗಳು ಮೆಮೊರಿಗೆ ಜೀವಮಾನದ ವಾರಂಟಿ ಕೊಡುತ್ತವೆ.

ನಮ್ಮಂಥವರಿಗೆ ಇನ್ನೊಂದು ಸಮಾಧಾನ. ಇಲ್ಲಿಂದ ಯಾವತ್ತು ಗಂಟುಮೂಟೆ ಕಟ್ಟಬೇಕೋ ಯಾರಿಗೂ ಖಾತ್ರಿ ಇಲ್ಲ. ಮಾನಿಟರ್, ಪೆಟ್ಟಿಗೆ ಹೊತ್ತೊಯ್ಯುವುದು ಕಷ್ಟ. ಮೆಮೊರಿ ಹಲಗೆಯಾದರೆ ಪರ್ಸಿನಲ್ಲಿ ಹೋಗುತ್ತದೆ. ಊರಲ್ಲಿ ಅದೇ ತಲೆಮಾರಿನ ಬೋರ್ಡ್ ಸಿಕ್ಕರೆ ಅಲ್ಲೂ ದುಡಿಯುತ್ತದೆ. ಹಾಗಾಗಿ ಸರಿಯಾಗಿ ಆರಿಸಿ ಕೊಂಡ ಮೆಮೊರಿ ನಷ್ಟದ ವ್ಯಾಪಾರವಲ್ಲ.

ಒಟ್ಟಿನಲ್ಲಿ ನನ್ನ ಉತ್ತರ ಇದು. ಬರೀ ಹಗುರ ಆಟ ಮತ್ತು ಶಾಲೆಯ ಪಾಠಕ್ಕೆ 8 ಜಿಬಿಯ ಯಂತ್ರ ಈಗಾಗಲೇ ಇದ್ದರೆ ತಡೆದುಕೊಳ್ಳಿ, ಅಳೆಯಿರಿ. ಹೊಸದು ಕೊಳ್ಳುವವರಿಗೆ 16ಕ್ಕಿಂತ ಕೆಳಗೆ ಬೇಡ. ದೊಡ್ಡ ಹೊಸ ಆಟ, ವಿಡಿಯೋ ಎಡಿಟಿಂಗ್, ವಿಮಾನ ಹಾರಿಸುವ ಆಸೆ ಇದ್ದರೆ 32. ಕೈಯಲ್ಲಿ ಈಗ ಆಗದಿದ್ದರೆ 32ಕ್ಕೆ ದಾರಿ ಬಿಟ್ಟುಕೊಂಡ 16. ಬರೀ ಆಟಕ್ಕೆ 64 ಯಾರಿಗೂ ಹೇಳುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದರು. ಮೆಮೊರಿಯ ವಿಷಯದಲ್ಲಿ ಇನ್ನೂ ಒಂದು ಅನುಕೂಲ ಇದೆ, ಕಾಲು ಎಷ್ಟುದ್ದ ಅಂತ ಮೊದಲೇ ಅಳೆದು ಹಾಸಿಗೆ ಕೊಳ್ಳಬಹುದು. ಅಳೆಯುವ ಕೆಲಸ ಮಕ್ಕಳಿಗೇ ಕೊಡಿ. ಏನು ಬೇಕು, ಯಾಕೆ ಬೇಕು ಅಂತ ಬರೆಯುತ್ತ ಬರೆಯುತ್ತ ಅವರಿಗೇ ಕೆಲವು ಬೇಡಿಕೆ ಸಣ್ಣದಾಗಿ ಕಾಣುತ್ತವೆ. ಅವರು ಈವರೆಗೆ ಬಾಯಿಬಿಡದ ದೊಡ್ಡ ಆಸೆಯೊಂದು ಆ ಪಟ್ಟಿಯ ಕೊನೆಯ ಸಾಲಿನಲ್ಲಿ ನಿಮಗೂ ಕಾಣಬಹುದು. ಏನಂತೀರಿ?

ಇನ್ನು ಮುಂದಿನ ಹಬ್ಬದ ಊಟದಲ್ಲಿ ನನ್ನ ಪಕ್ಕ ಕೂತವರು ದಯವಿಟ್ಟು ಹೋಳಿಗೆ ಮುಗಿಯುವವರೆಗಾದರೂ ಪ್ರಿಂಟರಿನ ಸುದ್ದಿ ಎತ್ತಬೇಡಿ. ಮೆಮೊರಿಯದ್ದಾದರೆ ಧಾರಾಳವಾಗಿ ಕೇಳಿ, ಆದರೆ ನೋಟ್‌ಬುಕ್ ತನ್ನಿ!